ಕೋಡ್ ಕೆಳಗಿನ ಒಂದು ಸಾಲು: ನೀವು ಸಹಿ ಹಾಕ್ತಿರೋದು ಯಾವುದಕ್ಕೆ?

ಗಿಟ್‌ನಲ್ಲಿ ಕಮಿಟ್ ಮಾಡುವಾಗ ‘-ಎಸ್’ ಅಂತ ಸೇರಿಸಿದರೆ, ‘ಸೈನ್ಡ್-ಆಫ್-ಬೈ’ ಎಂಬ ಸಾಲು ನಿಮ್ಮ ಹೆಸರು, ಇಮೇಲ್ ಸಮೇತ ತಾನಾಗಿ ಬಂದು ಕೂರುತ್ತೆ. ಅದಿಲ್ಲದೆ ಲಿನಕ್ಸ್ ಕರ್ನೆಲ್‌ನವರು ನಿಮ್ಮ ಪ್ಯಾಚ್ ತಗೊಳ್ಳಲ್ಲ. ಹೆಚ್ಚಿನವರು ಏನೆಂದು ಓದದೆ ಹಾಕ್ತಾರೆ. ನಾನೂ ಎಷ್ಟೋ ದಿನ ಹಾಗೇ ಹಾಕಿದ್ದೆ.

ಈ ಸಾಲು ಹುಟ್ಟಿದ್ದು ಕೋರ್ಟಿನ ಭಯದಿಂದ. 2003ರಲ್ಲಿ ಎಸ್‌ಸಿಓ ಎಂಬ ಅಮೆರಿಕದ ಕಂಪನಿ, ತನ್ನ ಯುನಿಕ್ಸ್ ಕೋಡನ್ನು ಐಬಿಎಂ ಲಿನಕ್ಸ್‌ಗೆ ಸೇರಿಸಿದೆ ಎಂದು ದಾವೆ ಹೂಡಿತು. ಆ ಜಗಳ ರಾಜಿಯಲ್ಲಿ ಮುಗಿಯೋ ಹೊತ್ತಿಗೆ 2021 ಬಂದಿತ್ತು! ಯಾವ ಸಾಲು ಯಾರಿಂದ ಬಂತು ಅನ್ನೋದಕ್ಕೆ ದಾಖಲೆ ಇರಲಿ ಎಂದು 2004ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಈ ಪದ್ಧತಿ ತಂದರು.

ಇದರ ಹಿಂದಿರುವ ಪ್ರಮಾಣಪತ್ರ (ಡಿಸಿಓ) ಒಂದೇ ಪುಟದ್ದು. ಇದು ನಾನೇ ಬರೆದದ್ದು, ಅಥವಾ ಕೊಡೋ ಹಕ್ಕು ನನಗಿದೆ. ನನ್ನ ಹೆಸರು ಸಾರ್ವಜನಿಕ ದಾಖಲೆಯಲ್ಲಿ ಶಾಶ್ವತವಾಗಿ ಉಳಿಯುತ್ತೆ ಅಂತ ಗೊತ್ತಿದೆ. ಇಷ್ಟೇ ಅದರ ಸಾರ. (ದೊಡ್ಡಕ್ಷರದ ‘-ಎಸ್’ ಬೇರೆಯೇ, ಅದು ಡಿಜಿಟಲ್ ಸಹಿ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ ಥರ ಕಾಣುತ್ತೆ, ಏನು ಮಾಡೋದು.)

ತೊಡಕಿರೋದು ‘ಕೊಡೋ ಹಕ್ಕು ನನಗಿದೆ’ ಅನ್ನೋದರಲ್ಲಿ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಉದ್ಯೋಗದ ಭಾಗವಾಗಿ ಮಾಡಿದ ಕೆಲಸದ ಮೊದಲ ಮಾಲೀಕ ಕಂಪನಿಯೇ. ಎಷ್ಟೋ ಕಂಪನಿಗಳ ಆಫರ್ ಲೆಟರ್ ಇನ್ನೂ ಮುಂದೆ ಹೋಗಿ, ರಾತ್ರಿ ಮನೆಯಲ್ಲಿ ಬರೆದದ್ದನ್ನೂ ತನ್ನದು ಅನ್ನುತ್ತೆ. ಬೆಂಗಳೂರಿನ ಪಿಜಿಯಲ್ಲಿ ಕೂತು ‘-ಎಸ್’ ಒತ್ತೋ ಹುಡುಗಿ ನಿಜಕ್ಕೂ ಆ ಹಕ್ಕಿನ ಒಡತಿಯಾ? ಹೊಣೆಯಂತೂ ಅವಳ ಹೆಸರಿಗೇ ಬರುತ್ತೆ. ಮೊದಲೇ ಮ್ಯಾನೇಜರ್‌ ಹತ್ರ ಇಮೇಲ್‌ನಲ್ಲಿ ಅನುಮತಿ ತಗೊಳ್ಳೋದು ವಾಸಿ.

ಆದರೂ ನನ್ನ ವೋಟು ಡಿಸಿಓಗೇ. ಇನ್ನೊಂದು ದಾರಿ ಸಿಎಲ್‌ಎ. ಅದರಲ್ಲಿ ನಿಮ್ಮ ಕೋಡ್ ಮೇಲೆ ಕಂಪನಿಗೆ ವಿಶಾಲ ಹಕ್ಕು ಬರೆದುಕೊಡ್ತೀರಿ. ಸಿಎಲ್‌ಎ ಪಡೆಯುತ್ತಿದ್ದ ಹ್ಯಾಶಿಕಾರ್ಪ್ 2023ರಲ್ಲಿ ಟೆರಾಫಾರ್ಮ್‌ನ ಮುಕ್ತ ಲೈಸೆನ್ಸನ್ನೇ ಬದಲಿಸಿತು. ಸಿಟ್ಟಾದವರು ಕಟ್ಟಿದ ಓಪನ್‌ಟೋಫು ಕೇಳೋದು ಡಿಸಿಓ ಸಹಿ ಮಾತ್ರ.

ಈಗ ಹೊಸ ತಲೆನೋವು ಎಐ. ಅದು ಬರೆದ ಕೋಡಿನ ಮೂಲ ಯಾವುದೆಂದು ಯಾರು ಪ್ರಮಾಣ ಮಾಡೋದು? ಇದೇ ಕಾರಣ ಕೊಟ್ಟು ಕ್ಯೂಎಮು ಪ್ರಾಜೆಕ್ಟ್ 2025ರಲ್ಲಿ ಅಂಥ ಕೋಡ್ ಬೇಡವೇ ಬೇಡ ಎಂದಿತು.