ನಂಬರ್ ಪ್ಲೇಟೂ ಇ-ವೇ ಬಿಲ್ಲೂ

ವಾಹನದ ನಂಬರ್ ಪ್ಲೇಟ್ ಚಾಲಕನಿಗೂ ಸಂಚಾರಿ ಪೊಲೀಸರಿಗೂ ಬಿಟ್ಟ ವಿಷಯವೆಂದು ನಮ್ಮ ವರ್ತಕ ಬಂಧುಗಳಲ್ಲಿ ಅನೇಕರು ಭಾವಿಸಿದ್ದಾರೆ. 2018ರ ಏಪ್ರಿಲ್ 1ರಂದು ಇ-ವೇ ಬಿಲ್ ವ್ಯವಸ್ಥೆ ಜಾರಿಗೆ ಬಂದ ಮೇಲೆ ಈ ಭಾವನೆ ದುಬಾರಿಯಾಗಿದೆ. 50,000 ರೂಪಾಯಿ ಮೀರಿದ ಸರಕನ್ನು ರಸ್ತೆಯ ಮೂಲಕ ಸಾಗಿಸುವಾಗ ಸಾಮಾನ್ಯವಾಗಿ ಬಿಲ್ಲಿನ 'ಬಿ' ಭಾಗದಲ್ಲಿ ವಾಹನದ ಸಂಖ್ಯೆಯನ್ನು ನಮೂದಿಸಬೇಕು. ತನಿಖಾಧಿಕಾರಿಯು ಆ ಸಂಖ್ಯೆಯನ್ನು ಫಲಕದೊಡನೆ ತಾಳೆ ನೋಡುತ್ತಾನೆ.

ನಮ್ಮ ಕಕ್ಷಿದಾರರೊಬ್ಬರ ಗೋದಾಮಿನ ಗುಮಾಸ್ತ, ರಾತ್ರಿ ವೇಳೆ ಕೆಸರು ಮೆತ್ತಿದ ಫಲಕವನ್ನು ನೋಡಿ ಎರಡು ಅಂಕಿಗಳನ್ನು ತಪ್ಪಾಗಿ ಬರೆದುಕೊಂಡಿದ್ದ. ಲಾರಿ ಒಂದು ದಿನ ದಾರಿಯಲ್ಲೇ ನಿಂತಿತು. ಉಳಿದ ದಾಖಲೆಗಳು ಸರಿಯಾಗಿದ್ದು, ವಾಹನ ಸಂಖ್ಯೆಯಲ್ಲಿ ಒಂದೆರಡು ಅಂಕಿ ಮಾತ್ರ ತಪ್ಪಿದ್ದರೆ ಕೇಂದ್ರ ಹಾಗೂ ರಾಜ್ಯ ಕಾಯಿದೆಗಳಡಿ ತಲಾ 500 ರೂಪಾಯಿ ದಂಡ ಸಾಕೆಂದು 2018ರ ಸೆಪ್ಟೆಂಬರ್ 14ರ ಸುತ್ತೋಲೆ ಹೇಳುತ್ತದೆ. ಅದರಿಂದ ಅವರು ಪಾರಾದರು. ಇನ್ನೊಂದು ಅಂಕಿ ತಪ್ಪಿದ್ದರೆ ಈ ರಿಯಾಯಿತಿಯನ್ನು ಹಕ್ಕಿನಿಂದ ಕೇಳುವಂತಿರಲಿಲ್ಲ. 129ನೆಯ ಪ್ರಕರಣದಡಿ, ಮಾಲೀಕರೇ ಮುಂದೆ ಬಂದರೂ ದಂಡ ತೆರಿಗೆಯ ಇಮ್ಮಡಿ. 4 ಲಕ್ಷದ ಸರಕಿಗೆ ಶೇ. 18ರಂತೆ ತೆರಿಗೆ 72,000. ದಂಡ 1,44,000 ರೂಪಾಯಿ!

ಸಾರಿಗೆ ವಾಹನಕ್ಕೆ ಹಳದಿ ಹಿನ್ನೆಲೆಯಲ್ಲಿ ಕಪ್ಪು ಅಕ್ಷರಗಳಿರಬೇಕು. ವಿದ್ಯುತ್ ಚಾಲಿತವಾದರೆ ಹಸಿರಿನ ಮೇಲೆ ಹಳದಿ. ಅಕ್ಷರಗಳು ಇಂಗ್ಲಿಷಿನಲ್ಲೂ ಅಂಕಿಗಳು 1, 2, 3 ಎಂಬ ರೂಪದಲ್ಲೂ ಇರತಕ್ಕದ್ದು. ಕನ್ನಡದ ಅಂಕಿಗಳ ಮೇಲಿನ ಅಭಿಮಾನ ನನಗೂ ಉಂಟು, ಆದರೆ ನಿಯಮ ಅದನ್ನು ಒಪ್ಪುವುದಿಲ್ಲ. ಹಿಂಬದಿಯ ಫಲಕದ ಮೇಲಿನ ದೀಪ ಉರಿಯುತ್ತಿದ್ದು, ರಾತ್ರಿಯಲ್ಲಿ 15 ಮೀಟರ್ ದೂರದಿಂದ ಸಂಖ್ಯೆಯನ್ನು ಓದಲು ಬರಬೇಕು. ಟಾರ್ಪಾಲಿನ ಅಂಚು, ಇಳಿಬಿದ್ದ ಹಗ್ಗ, ಫಲಕದ ಮೇಲೆ ಕಟ್ಟಿದ ನಿಂಬೆಹಣ್ಣು ಮೆಣಸಿನಕಾಯಿ ಇವೆಲ್ಲ ಅಡ್ಡಿಯೇ.

2019ರ ಏಪ್ರಿಲ್ 1ರಿಂದ ಹೊಸ ವಾಹನಗಳು ಅತಿ ಸುರಕ್ಷಿತ ನೋಂದಣಿ ಫಲಕದೊಡನೆಯೇ ಬರುತ್ತಿವೆ. ಅದಕ್ಕೂ ಹಳೆಯ ವಾಹನಗಳಿಗೆ ಇದನ್ನು ಅಳವಡಿಸಬೇಕೆಂದು ನಮ್ಮ ರಾಜ್ಯದಲ್ಲಿ 2023ರ ಆಗಸ್ಟ್‌ನಲ್ಲಿ ಅಧಿಸೂಚನೆಯಾಯಿತು. ಬಂಪರ್ ನುಗ್ಗಾಗಿ ಫಲಕ ಮುರಿದಾಗ ರಸ್ತೆಬದಿಯ ಪೇಂಟರನಿಂದ ಬರೆಸಿಕೊಳ್ಳುವುದು ಸಲ್ಲದು. ಅಧಿಕೃತ ತಯಾರಕರಿಂದಲೇ ಹೊಸದನ್ನು ಪಡೆಯಬೇಕು.

ಗುಮಾಸ್ತರು ಸಂಖ್ಯೆಯನ್ನು ಆರ್‌ಸಿ ಪುಸ್ತಕದಿಂದ ಬರೆದುಕೊಂಡು ಅನಂತರ ಫಲಕದೊಡನೆ ತಾಳೆ ನೋಡುವುದು ಲೇಸು. ದಾರಿಯಲ್ಲಿ ಲಾರಿ ಕೆಟ್ಟು ಸರಕನ್ನು ಬೇರೆ ಲಾರಿಗೆ ಹೇರಿದರೆ, ಅದು ಹೊರಡುವ ಮೊದಲೇ 'ಬಿ' ಭಾಗವನ್ನು ತಿದ್ದಬೇಕು. ವ್ಯಾಪಾರದ ವಾಹನಕ್ಕೆ ಹೊಸ ಫಲಕ ಹಾಕಿಸಿದ ಶುಲ್ಕವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಖರ್ಚೆಂದು ತೋರಿಸಬಹುದು. ಕಾನೂನು ಮುರಿದುದಕ್ಕೆ ತೆತ್ತ ದಂಡವನ್ನು ತೋರಿಸಲು ಬರುವುದಿಲ್ಲ.