ಕಲ್ಲಿನ ಬೆಲೆ, ಮಾತಿನ ಬೆಲೆ

ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ನೆಲದಡಿ ಇರುವುದು ಸುಣ್ಣದ ಕಲ್ಲು. ಶಹಾಬಾದಿನ ಹಾಸುಗಲ್ಲು ಎಷ್ಟೋ ಮನೆಗಳ ನೆಲವಾಗಿದೆ. ವಾಡಿಯ ಸಿಮೆಂಟು ಎಷ್ಟೋ ಮನೆಗಳ ಗೋಡೆಯಾಗಿದೆ. ಈ ಕಲ್ಲಿಗೆ ಗಣಿಯಲ್ಲಿ ಒಂದು ಬೆಲೆ, ಷೇರುಪೇಟೆಯಲ್ಲಿ ಮತ್ತೊಂದು ಬೆಲೆ. ಮೊದಲನೆಯದು ತಕ್ಕಡಿಗೆ ಸಿಗುತ್ತದೆ. ಎರಡನೆಯದು ಬಹುಮಟ್ಟಿಗೆ ಜನರ ನಂಬಿಕೆಯ ಮೇಲೆ ನಿಂತಿದೆ.

ವಾಡಿಯಲ್ಲಿ ಕಾರ್ಖಾನೆಯುಳ್ಳ ಎಸಿಸಿ ಕಂಪನಿಯು 2022ರ ಸೆಪ್ಟೆಂಬರಿನಲ್ಲಿ ಅದಾನಿ ಸಮೂಹದ ವಶಕ್ಕೆ ಬಂದಿತು. 2023ರ ಜನವರಿ 24ರಂದು ಅಮೆರಿಕದ ಹಿಂಡನ್‌ಬರ್ಗ್ ಸಂಸ್ಥೆ ಆ ಸಮೂಹದ ಮೇಲೆ ಆರೋಪಗಳ ವರದಿ ಪ್ರಕಟಿಸಿತು. ಸಮೂಹವು ಅವನ್ನು ಅಲ್ಲಗಳೆಯಿತು. ಬೆಲೆ ಕುಸಿದರೆ ಲಾಭ ಪಡೆಯುವ ವ್ಯವಹಾರ ಆ ಸಂಸ್ಥೆಯದಾಗಿತ್ತು. ಷೇರುಗಳು ಕುಸಿದಂತೆ ಹೂಡಿಕೆದಾರರು ಎರಡು ಬಣಗಳಾದರು. ಒಬ್ಬರಿಗೆ ಎಲ್ಲವೂ ಸಂಚು, ಇನ್ನೊಬ್ಬರಿಗೆ ಎಲ್ಲವೂ ಮೋಸ. 2024ರ ಜನವರಿ 3ರಂದು ಸುಪ್ರೀಂ ಕೋರ್ಟ್, ತನಿಖೆಯನ್ನು ಸೆಬಿಯಿಂದ ವಿಶೇಷ ತಂಡಕ್ಕೆ ವರ್ಗಾಯಿಸಲು ನಿರಾಕರಿಸಿತು. ಆದರೂ ವಾಗ್ವಾದ ತಣಿಯಲಿಲ್ಲ.

ಏಕೆಂದರೆ ಅಲ್ಲಿ ಮಾತನಾಡುತ್ತಿದ್ದುದು ಬಹುಪಾಲು ಕಷಾಯಗಳು. ಷೇರು ಹಿಡಿದವನಿಗೆ ಬೆಲೆ ಏರಬೇಕೆಂಬ ಲೋಭ. ಮಾರಿ ಹೊರಬಂದವನಿಗೆ ತನ್ನ ತೀರ್ಮಾನವೇ ಸರಿಯೆಂಬ ಮಾನ. ಇವೆರಡಕ್ಕೂ ಅಡ್ಡಿಯಾದಾಗ ಹುಟ್ಟುವುದು ಕ್ರೋಧ.

ಇಂತಹಲ್ಲಿ ಅನೇಕಾಂತವು ‘ಇಬ್ಬರೂ ಸರಿ’ ಎಂದು ಜಾರಿಕೊಳ್ಳುವ ಮಾತಲ್ಲ. ನನ್ನ ನೋಟ ಎಲ್ಲಿ ನಿಂತು ಕಂಡದ್ದು, ಅದಕ್ಕೆ ಕಾಣದೆ ಉಳಿದದ್ದು ಏನು ಎಂದು ಕೇಳಿಕೊಳ್ಳುವ ಶಿಸ್ತು ಅದು. ಸತ್ಯಾಣುವ್ರತದ ಅತಿಚಾರಗಳಲ್ಲಿ ತತ್ತ್ವಾರ್ಥಸೂತ್ರವು ಮೊದಲು ಹೇಳುವುದು ಮಿಥ್ಯೋಪದೇಶವನ್ನು. ಮಗಳ ಮದುವೆಗೆಂದು ಕೂಡಿಟ್ಟ ಹಣವನ್ನು, ತಾನೇ ಪರಿಶೀಲಿಸದ ಷೇರಿಗೆ ಹಾಕೆಂದು ನೆರೆಯವನಿಗೆ ಹೇಳುವವನು ಈ ದೋಷದ ಅಂಚಿನಲ್ಲಿದ್ದಾನೆ. ಸಿಟ್ಟಿನಲ್ಲಿ ಆಡಿದ ಮಾತನ್ನು ಹಿಂಪಡೆಯಬಹುದು. ಆ ಹಣವನ್ನು ಹಿಂದಿರುಗಿಸಲಾಗದು.

ಜೈನ ಪರಂಪರೆ ಲೆಕ್ಕಕ್ಕೆ ವಿರೋಧಿಯಲ್ಲ. ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಬಡ್ಡಿಯ ಲೆಕ್ಕವೂ ಇದೆ, ಪಾಲುಗಾರಿಕೆಯ ಲೆಕ್ಕವೂ ಇದೆ. ಆ ಅರಸನೇ ಕೊನೆಗೆ ವಿವೇಕದಿಂದ ರಾಜ್ಯವನ್ನು ತ್ಯಜಿಸಿದನೆಂಬ ಪ್ರತೀತಿಯಿದೆ. ಗಳಿಕೆಯ ಲೆಕ್ಕ ಬಲ್ಲ ನೆಲದಲ್ಲಿ ಸಾಕು ಎನ್ನುವ ಲೆಕ್ಕವೂ ಇತ್ತು. ಅದನ್ನೇ ಶ್ರಾವಕರಿಗೆ ಪರಿಗ್ರಹ ಪರಿಮಾಣ ವ್ರತವೆಂದು ವಿಧಿಸಲಾಗಿದೆ.

ಗಣಿಯ ಷೇರು ಕೊಳ್ಳುವ ಶ್ರಾವಕನಿಗೆ ಇನ್ನೂ ಒಂದು ಪ್ರಶ್ನೆಯಿದೆ. ಭೂಮಿಯಲ್ಲೂ ಪೃಥ್ವೀಕಾಯಿಕ ಜೀವಗಳಿವೆ ಎಂದು ನಂಬುವವನು, ನೆಲ ಸಿಡಿಸಿ ಬಂದ ಲಾಭದಲ್ಲಿ ತನ್ನ ಪಾಲೆಷ್ಟು ಎಂದು ಯೋಚಿಸಬೇಕಲ್ಲವೆ? ಬೆಲೆಯ ಜಗಳದಲ್ಲಿ ಈ ಪ್ರಶ್ನೆ ಎರಡೂ ಬಣಗಳಿಗೆ ಹೊಳೆಯುವುದಿಲ್ಲ.

ಸಂಜೆಯ ಸಾಮಾಯಿಕಕ್ಕೆ ಕುಳಿತಾಗ ಆ ದಿನದ ಷೇರಿನ ಬೆಲೆಯನ್ನು ಬದಿಗಿಟ್ಟು, ಆ ದಿನ ಆಡಿದ ಮಾತುಗಳನ್ನು ಎಣಿಸಬಹುದು. ನೋಯಿಸಿದವರಿದ್ದರೆ ಮರುದಿನ ಬೆಳಗಿಗೆ ಕಾಯದೆ ಕ್ಷಮೆ ಕೇಳಬಹುದು.