‘ಇಲ್ಲ’ ಎನ್ನಲೂ ಒಂದು ವಿಳಾಸ

ಫೋನು ಮಾಡಿದಾಗ ‘ಈ ನಂಬರ್ ಚಾಲ್ತಿಯಲ್ಲಿಲ್ಲ’ ಎಂಬ ದನಿ ಕೇಳಿದರೆ ಬೇರೆ ನಂಬರ್ ಹುಡುಕುತ್ತೇವೆ. ರಿಂಗೂ ಇಲ್ಲ, ದನಿಯೂ ಇಲ್ಲ ಎಂದಾದರೆ ಫೋನನ್ನು ಕಿವಿಗೆ ಹಿಡಿದು ಕಾಯುತ್ತಲೇ ಇರುತ್ತೇವೆ. ಹಲವು ಕಂಪ್ಯೂಟರುಗಳು ಕೂಡಿ ಒಂದೇ ಡೇಟಾಬೇಸ್ ನಡೆಸುವ ಕ್ಲಸ್ಟರ್‌ನಲ್ಲೂ ಕಾಟ ಕೊಡುವುದು ಯಂತ್ರದ ಸಾವಲ್ಲ, ಅದರ ಮೌನ.

ಒರಾಕಲ್ ಸಂಸ್ಥೆಯ ‘ರಿಯಲ್ ಅಪ್ಲಿಕೇಶನ್ ಕ್ಲಸ್ಟರ್ಸ್’ ಅನ್ನೇ ನೋಡಿ. ಬಲ್ಲವರು ಅದನ್ನು ‘ರ‍್ಯಾಕ್’ ಎನ್ನುತ್ತಾರೆ. ಅದರ ಪ್ರತಿ ಸರ್ವರ್‌ಗೂ ಕನಿಷ್ಠ ಎರಡು ಜಾಲ ಬೇಕು. ಮದುವೆ ಛತ್ರದಲ್ಲಿ ನೆಂಟರಿಗೆ ಮುಂಬಾಗಿಲು, ಅಡುಗೆಯವರಿಗೆ ಹಿತ್ತಿಲ ದಾರಿ ಇರುವಂತೆ.

ಹಿತ್ತಿಲ ದಾರಿಯ ಹೆಸರು ‘ಇಂಟರ್‌ಕನೆಕ್ಟ್’. 2001ರಲ್ಲಿ 9ಐ ಆವೃತ್ತಿಯೊಂದಿಗೆ ಪೂರ್ಣರೂಪಕ್ಕೆ ಬಂದ ‘ಕ್ಯಾಶ್ ಫ್ಯೂಷನ್’ ತಂತ್ರ ಓಡುವುದು ಇದರ ಮೇಲೆಯೇ: ತನಗೆ ಬೇಕಾದ ಮಾಹಿತಿಯ ತುಣುಕು ಪಕ್ಕದ ಸರ್ವರ್‌ನ ಮೆಮೊರಿಯಲ್ಲಿದ್ದರೆ ಡಿಸ್ಕ್‌ವರೆಗೆ ಹೋಗದೆ ತಂತಿಯ ಮೂಲಕವೇ ಎರವಲು ಪಡೆಯುವುದು. ಆ ತುಣುಕಿನ ಅಳತೆ ಸಾಮಾನ್ಯವಾಗಿ 8 ಕಿಲೋಬೈಟ್. ಈಥರ್‌ನೆಟ್‌ನ ರೂಢಿಯ ಲಕೋಟೆಯಲ್ಲಿ ಹಿಡಿಸುವುದು 1500 ಬೈಟ್. ಹಾಗಾಗಿ ಒಂದು ತುಣುಕು ಆರು ಚೂರಾಗುತ್ತದೆ. ಒಂದು ಚೂರು ಕಳೆದರೂ ಇಡೀ ತುಣುಕನ್ನು ಮತ್ತೆ ಕಳಿಸಬೇಕು. 9000 ಬೈಟ್‌ನ ‘ಜಂಬೋ’ ಲಕೋಟೆ ಬಳಸಿದರೆ ಒಂದೇ ಸಲಕ್ಕೆ ಹೋಗುತ್ತದೆ. ದಾರಿಯ ನಡುವಿನ ಒಂದು ಸ್ವಿಚ್‌ಗೆ ಈ ವಿಷಯ ತಿಳಿಸಲು ಮರೆತಿರೋ, ಮೊದಲಿನ ಸ್ಥಿತಿಯೇ ವಾಸಿಯಿತ್ತು ಎನ್ನಿಸುತ್ತದೆ.

ಇದೇ ದಾರಿಯಲ್ಲಿ ಸರ್ವರ್‌ಗಳು ಸೆಕೆಂಡಿಗೊಮ್ಮೆ ‘ಇದ್ದೀಯಾ?’ ಎಂದು ಕೇಳಿಕೊಳ್ಳುತ್ತಿರುತ್ತವೆ. 30 ಸೆಕೆಂಡು ಸದ್ದಿಲ್ಲದಿದ್ದರೆ ಅನುಮಾನ ಶುರು. ಪಕ್ಕದವನು ಸತ್ತನೋ, ನಡುವಿನ ತಂತಿ ಕಿತ್ತುಹೋಯಿತೋ? ಇಬ್ಬರೂ ‘ಇನ್ನೊಬ್ಬ ಸತ್ತ’ ಎಂದುಕೊಂಡು ಒಂದೇ ಡಿಸ್ಕ್‌ನಲ್ಲಿ ತಮಗೆ ತೋಚಿದ್ದನ್ನು ಬರೆಯತೊಡಗಿದರೆ ಲೆಕ್ಕವೆಲ್ಲ ಕಲಸುಮೇಲೋಗರ. ಅದಕ್ಕೇ ‘ವೋಟಿಂಗ್ ಡಿಸ್ಕ್’ ಎಂಬ ಹಾಜರಿ ಪುಸ್ತಕ. ಅದರಲ್ಲಿ ಸೋತ ಸರ್ವರ್ ಕ್ಲಸ್ಟರ್‌ನಿಂದ ಹೊರಬೀಳಬೇಕು. ಲಿನಕ್ಸ್ ಕ್ಲಸ್ಟರ್‌ಗಳಲ್ಲಿ ಇಂಥದೇ ಕ್ರಮಕ್ಕೆ ‘ಸ್ಟೋನಿತ್’ ಎನ್ನುತ್ತಾರೆ. ಬಿಡಿಸಿ ಹೇಳಿದರೆ, ಇನ್ನೊಂದು ಯಂತ್ರದ ತಲೆಗೆ ಗುಂಡಿಕ್ಕು! ಎಂಜಿನಿಯರುಗಳ ಹಾಸ್ಯ ಸ್ವಲ್ಪ ಒರಟು.

ಮುಂಬಾಗಿಲಲ್ಲಿ ಕಾಯುವವರ ಕಷ್ಟ ಬೇರೆ. ಸತ್ತ ಸರ್ವರ್‌ನ ವಿಳಾಸಕ್ಕೆ ಹೋದ ಕರೆಗೆ ಯಾರೂ ಓಗೊಡುವುದಿಲ್ಲ. ಲಿನಕ್ಸ್‌ನ ಹಳೆಯ ಆವೃತ್ತಿ ತನ್ನ ರೂಢಿಯಂತೆ ಒಂದು, ಎರಡು, ನಾಲ್ಕು ಸೆಕೆಂಡು ಎಂದು ಕಾಯುವ ಹೊತ್ತನ್ನು ದುಪ್ಪಟ್ಟು ಮಾಡುತ್ತ ಆರು ಸಲ ಮತ್ತೆ ಕೂಗುತ್ತದೆ. ಕೈಚೆಲ್ಲುವ ಹೊತ್ತಿಗೆ 127 ಸೆಕೆಂಡು ಕಳೆದಿರುತ್ತದೆ. ಇದಕ್ಕೆ ಕಂಡುಕೊಂಡ ಮದ್ದು ‘ವರ್ಚುವಲ್ ಐಪಿ’, ಅಂದರೆ ಯಂತ್ರಕ್ಕೆ ಅಂಟಿಕೊಳ್ಳದ ವಿಳಾಸ. ಯಂತ್ರ ಸತ್ತರೆ ಅದರ ವಿಳಾಸ ನೆರೆಯ ಸರ್ವರ್‌ಗೆ ನೆಗೆಯುತ್ತದೆ. ನನಗೆ ಇದರಲ್ಲಿ ಮೆಚ್ಚುಗೆಯಾದದ್ದು ಮುಂದಿನ ನಡೆ. ನೆರೆಯವನು ಆ ವಿಳಾಸಕ್ಕೆ ಬಂದವರಿಗೆ ಸೇವೆ ಕೊಡುವುದಿಲ್ಲ. ‘ಇಲ್ಲಿ ಯಾರೂ ಇಲ್ಲ’ ಎಂದು ತಟ್ಟನೆ ಹೇಳಿ ಕಳಿಸುತ್ತಾನೆ, ಅಷ್ಟೇ. ಬಂದವರು ಕೂಡಲೇ ಪಟ್ಟಿಯ ಮುಂದಿನ ವಿಳಾಸ ಹಿಡಿಯುತ್ತಾರೆ.

ಆದರೆ ಆ ಪಟ್ಟಿಯದೇ ಒಂದು ತಲೆನೋವು. ಹೊಸ ಸರ್ವರ್ ಸೇರಿಸಿದಾಗಲೆಲ್ಲ ಬಳಕೆದಾರರ ಯಂತ್ರಗಳಲ್ಲಿ ಪಟ್ಟಿ ತಿದ್ದಬೇಕಿತ್ತು. 2009ರಲ್ಲಿ ‘ಸ್ಕ್ಯಾನ್’ ಬಂತು: ಇಡೀ ಕ್ಲಸ್ಟರ್‌ಗೆ ಒಂದೇ ಹೆಸರು. ಒಳಗೆ ಎರಡು ಸರ್ವರ್ ಇರಲಿ, ಇಪ್ಪತ್ತಿರಲಿ, ಆ ಹೆಸರಿನ ಹಿಂದೆ ಸಾಮಾನ್ಯವಾಗಿ ಮೂರೇ ವಿಳಾಸ. ಅಲ್ಲಿ ಕುಳಿತ ದ್ವಾರಪಾಲಕ ಹೊರೆ ಕಡಿಮೆಯಿರುವ ಸರ್ವರ್‌ನ ವರ್ಚುವಲ್ ಐಪಿ ತೋರಿಸಿ ಕಳಿಸುತ್ತಾನೆ. ಆ ಸರ್ವರ್ ಈಗಷ್ಟೇ ಕಣ್ಣುಮುಚ್ಚಿದ್ದರೆ, ‘ಇಲ್ಲ’ ಎನ್ನಲು ನೆರೆಯವನು ಬಾಗಿಲಿಗೆ ಬರುತ್ತಾನೆ.